ತುಟಿಯ ಜ್ವರಗುಳ್ಳೆ: ಹೋಗಿದ್ದು ಮತ್ತೆ ಬರುವುದೇಕೆ?



ನೀವು ಕಂಪ್ಲಿ ಸೀಮೆಯ ಮೆಟ್ರಿಯವರು, ದಿನವೂ ಬಸ್ಸಿನಲ್ಲಿ ಕಂಪ್ಲಿಗೋ ಹೊಸಪೇಟೆಗೋ ಹೋಗಿ ಓದುವವರು ಎಂದು ಇಟ್ಟುಕೊಳ್ಳೋಣ. ಮಾರ್ಚ್ ತಿಂಗಳು. ಪರೀಕ್ಷೆ ಹತ್ತಿರ ಬಂದಿದೆ, ರಾತ್ರಿ ನಿದ್ದೆ ಕಡಿಮೆಯಾಗಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಗಾಗಿ ಕಾದು ಕಾದು ಮುಖವೆಲ್ಲ ಕೆಂಪಾಗಿದೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಳತುಟಿಯ ಅಂಚಿನಲ್ಲಿ ಏನೋ ಜುಮುಜುಮು ಎನ್ನುತ್ತದೆ, ಸಣ್ಣಗೆ ಉರಿಯುತ್ತದೆ. ಮರುದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಸಾಸಿವೆ ಕಾಳಿನಂಥ ನಾಲ್ಕಾರು ನೀರ್ಗುಳ್ಳೆಗಳು ಒಂದೇ ಕಡೆ ಗುಂಪಾಗಿ ಎದ್ದಿವೆ. ಕಳೆದ ವರ್ಷವೂ ಇದೇ ಸಮಯಕ್ಕೆ, ಇದೇ ಜಾಗದಲ್ಲಿ ಬಂದಿತ್ತಲ್ಲ ಎಂದು ಆಗ ನಿಮಗೆ ನೆನಪಾಗುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ರಾತ್ರಿ ಮಲಗಿದ್ದಾಗ ಹಲ್ಲಿ ಹರಿದಾಡಿರಬೇಕು ಎನ್ನುತ್ತಾರೆ ಒಬ್ಬರು. ಅಲ್ಲ, ಜೇಡ ಮುಟ್ಟಿದೆ ಎನ್ನುತ್ತಾರೆ ಇನ್ನೊಬ್ಬರು. ಮೈಗೆ ಉಷ್ಣವಾಗಿದೆ, ಮಜ್ಜಿಗೆ ಕುಡಿ ಎನ್ನುತ್ತಾರೆ ತಾಯಿ. ಜ್ವರ ಬಂದು ಹೋದ ಮೇಲೆ ಗುಳ್ಳೆ ಎದ್ದಿದ್ದರೆ ಅಜ್ಜಿ ಸಮಾಧಾನ ಹೇಳುತ್ತಾರೆ: "ಯವ್ವಾ, ಜ್ವರ ಬಿಟ್ಟೈತೆ, ಅದಕ್ಕೇ ತುಟಿಗೆ ಒಡೆದೈತೆ. ಇನ್ನೇನೂ ಭಯ ಇಲ್ಲ ಬಿಡು." ಕಾಲೇಜಿಗೆ ಹೋದರೆ ಗೆಳತಿಯರು ಮುಖ ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಯಾರೋ ಒಬ್ಬರು ಮೊಬೈಲಿನಲ್ಲಿ ಹುಡುಕಿ ಭಯಾನಕ ಹೆಸರೊಂದನ್ನು ಓದಿ ಹೇಳುತ್ತಾರೆ. ಅಲ್ಲಿಗೆ ಪರೀಕ್ಷೆಯ ಓದು ಮೂಲೆಗೆ ಬೀಳುತ್ತದೆ.

ಹಲ್ಲಿಯೂ ಜೇಡವೂ ಇದರಲ್ಲಿ ನಿರಪರಾಧಿಗಳು. ಆದರೆ ಬಿಸಿಲನ್ನು ದೂರಿದ ತಾಯಿ, ಜ್ವರದ ಜೊತೆ ಇದನ್ನು ಗಂಟುಹಾಕಿದ ಅಜ್ಜಿ, ಇವರಿಬ್ಬರೂ ಏನನ್ನೋ ಸರಿಯಾಗಿಯೇ ಕಂಡಿದ್ದಾರೆ. ಅವರು ಕಂಡದ್ದು ಏನು, ಅದರ ಕಾರಣ ಏನು ಎಂಬುದನ್ನು ನೋಡೋಣ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳಿ. ಬಾಯಿಯ ಒಳಗೆ, ಕೆನ್ನೆಯ ಒಳಭಾಗದಲ್ಲಿ ಅಥವಾ ನಾಲಿಗೆಯ ಅಂಚಿನಲ್ಲಿ ಬಿಳಿಯಾಗಿ ಕಾಣುವ ಬಾಯಿಹುಣ್ಣು ಬೇರೆ, ಅದು ಅಂಟುವುದಿಲ್ಲ. ಎರಡೂ ಕಟವಾಯಿಗಳು ಒಡೆದು ಬಾಯಿ ತೆರೆಯಲು ನೋವಾಗುವುದು ಇನ್ನೊಂದು. ಅದಕ್ಕೆ ಎಷ್ಟೋ ವೇಳೆ ಕಬ್ಬಿಣಾಂಶದ ಅಥವಾ ಬಿ ಗುಂಪಿನ ಜೀವಸತ್ವಗಳ ಕೊರತೆ ಕಾರಣ. ನಾವು ಮಾತಾಡುತ್ತಿರುವುದು ತುಟಿಯ ಹೊರ ಅಂಚಿನಲ್ಲಿ, ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಗುಂಪಾಗಿ ಏಳುವ ನೀರ್ಗುಳ್ಳೆಯನ್ನು ಕುರಿತು. ಎರಡು ಮೂರು ದಿನಗಳಲ್ಲಿ ಗುಳ್ಳೆಗಳು ಒಡೆದು ರಸ ಸೋರುತ್ತದೆ, ಆಮೇಲೆ ಹೊಂಬಣ್ಣದ ಹಕ್ಕಳೆ ಕಟ್ಟುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಕಲೆ ಉಳಿಯದಂತೆ ವಾಸಿಯಾಗುತ್ತದೆ.

ಇದನ್ನು ಉಂಟುಮಾಡುವುದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಒಂದನೆಯ ಬಗೆ. ಹರ್ಪಿಸ್ ಎಂಬ ಮಾತು ಗ್ರೀಕ್ ಭಾಷೆಯದು. ಅದರ ಮೂಲದಲ್ಲಿ ತೆವಳುವುದು, ಹರಿದಾಡುವುದು ಎಂಬ ಅರ್ಥವಿದೆ. ನಮ್ಮವರು ಹಲ್ಲಿ ಹರಿದಾಡಿತು ಎಂದಂತೆ ಅವರಿಗೂ ಚರ್ಮದ ಮೇಲೆ ಏನೋ ಹರಿದಂತೆಯೇ ಕಂಡಿರಬೇಕು! ಐದು ಸಾವಿರ ವೈರಸ್ ಕಣಗಳನ್ನು ಸಾಲಾಗಿ ಇಟ್ಟರೆ ಸುಮಾರು ಒಂದು ಮಿಲಿಮೀಟರ್ ಆದೀತು, ಇದು ಅಷ್ಟು ಚಿಕ್ಕದು. ಇದರ ಎರಡನೆಯ ಬಗೆ ಹೆಚ್ಚಾಗಿ ಜನನಾಂಗದ ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ, ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಮೊಬೈಲಿನಲ್ಲಿ ಸಿಕ್ಕ ಭಯಾನಕ ಸಂಗತಿಗಳು ಬಹುಮಟ್ಟಿಗೆ ಅದರವು. ತುಟಿಯ ಮೇಲೆ ಗುಳ್ಳೆ ಎದ್ದ ಮಾತ್ರಕ್ಕೆ ಯಾರ ನಡತೆಯ ಬಗ್ಗೆಯೂ ಏನೂ ಹೇಳಲು ಬರುವುದಿಲ್ಲ. ಈ ಮಾತನ್ನು ದಯವಿಟ್ಟು ನಗುವ ಗೆಳತಿಯರಿಗೂ ತಿಳಿಸಿ.

ಏಕೆಂದರೆ ಒಂದನೆಯ ಬಗೆಯ ವೈರಸ್ ಬಹಳಷ್ಟು ಮಂದಿಗೆ ಬರುವುದು ಬಾಲ್ಯದಲ್ಲಿಯೇ. ಮನೆಯವರು ಯಾರೋ ಪ್ರೀತಿಯಿಂದ ಮುದ್ದಿಟ್ಟಾಗ, ತಮ್ಮ ಬಾಯಿಯ ತುತ್ತನ್ನು ಮಗುವಿಗೆ ಕೊಟ್ಟಾಗ ಜೊಲ್ಲಿನ ಮೂಲಕ ದಾಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ ಪ್ರಪಂಚದಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ಶೇಕಡ 64 ಮಂದಿಯಲ್ಲಿ ಈ ವೈರಸ್ ಇದೆ. ನಿಮ್ಮನ್ನು ನೋಡಿ ನಕ್ಕವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನರ ಮೈಯಲ್ಲಿ ಇದು ಇದ್ದೀತು. ಮೊದಲ ಸಲ ಬಂದಾಗ ಕೆಲವು ಮಕ್ಕಳಿಗೆ ಜ್ವರ ಬಂದು, ವಸಡು ಊದಿ, ಬಾಯಿ ತುಂಬ ಹುಣ್ಣಾಗಿ ಊಟ ಬಿಡುವಂತಾಗುತ್ತದೆ. ಹೆಚ್ಚಿನವರಿಗೆ ಬಂದದ್ದೇ ತಿಳಿಯುವುದಿಲ್ಲ. ಹೀಗೆ ವೈರಸ್ ಹೊತ್ತವರಲ್ಲಿ ನೂರಕ್ಕೆ 20ರಿಂದ 40 ಮಂದಿಗೆ ಮಾತ್ರ ಮುಂದೆ ಆಗಾಗ ತುಟಿಯ ಮೇಲೆ ಗುಳ್ಳೆ ಏಳುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನೆಗಡಿ ಬರುತ್ತದೆ, ಹೋಗುತ್ತದೆ. ಮತ್ತೆ ಬಂದರೆ ಅದು ಹೊರಗಿನಿಂದ ಬಂದ ಹೊಸ ಸೋಂಕು. ಆದರೆ ಈ ಗುಳ್ಳೆ ಪ್ರತಿ ಸಲ ಅದೇ ಜಾಗದಲ್ಲಿ ಏಕೆ ಏಳುತ್ತದೆ? ಗುಳ್ಳೆ ಇಲ್ಲದ ದಿನಗಳಲ್ಲಿ ವೈರಸ್ ಎಲ್ಲಿರುತ್ತದೆ? ವಿಜ್ಞಾನಿಗಳು ಇದಕ್ಕೆ ಉತ್ತರ ಕಂಡುಕೊಳ್ಳಲು ಸುಮಾರು 70 ವರ್ಷ ತೆಗೆದುಕೊಂಡರು.

ಮೊದಲ ಸುಳಿವು ಸಿಕ್ಕಿದ್ದು ಒಬ್ಬ ಶಸ್ತ್ರವೈದ್ಯರಿಗೆ. ನಿಮ್ಮ ಮುಖದ ಚರ್ಮಕ್ಕೆ ಸ್ಪರ್ಶ, ನೋವು, ಬಿಸಿ, ತಂಪು ತಿಳಿಯುವುದು ಟ್ರೈಜೆಮಿನಲ್ ಎಂಬ ನರದಿಂದ. ಎಡಕ್ಕೊಂದು, ಬಲಕ್ಕೊಂದು ಇದೆ. ಒಂದೊಂದೂ ಮೂರು ಕವಲಾಗಿ ಹಣೆ ಮತ್ತು ಕಣ್ಣಿಗೆ, ಕೆನ್ನೆ ಮತ್ತು ಮೇಲ್ದುಟಿಗೆ, ದವಡೆ ಮತ್ತು ಕೆಳತುಟಿಗೆ ಹೋಗುತ್ತದೆ. ಈ ಮೂರು ಕವಲು ಕೂಡುವಲ್ಲಿ, ಕಿವಿಯ ಮುಂಭಾಗದಿಂದ ಒಳಕ್ಕೆ, ತಲೆಬುರುಡೆಯ ತಳದಲ್ಲಿ ಒಂದು ನರಗಂಟು ಇದೆ. ಮುಖದ ತಡೆಯಲಾರದ ನರಶೂಲೆಗೆ ಅಮೆರಿಕದ ಹಾರ್ವೆ ಕುಶಿಂಗ್ ಈ ಭಾಗದಲ್ಲಿ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಶಸ್ತ್ರಕ್ರಿಯೆಯಾದ ಮೇಲೆ ಕೆಲವರ ಮುಖದಲ್ಲಿ ಅದೇ ನರದ ವ್ಯಾಪ್ತಿಯಲ್ಲಿ ಜ್ವರಗುಳ್ಳೆ ಏಳುವುದನ್ನು ಅವರು 1905ರಲ್ಲಿ ಬರೆದಿಟ್ಟರು. ಚಾಕು ತಗುಲಿದ್ದು ತಲೆಬುರುಡೆಯ ಒಳಗೆ, ಗುಳ್ಳೆ ಎದ್ದದ್ದು ತುಟಿಯ ಮೇಲೆ! 1929ರಲ್ಲಿ ಅರ್ನೆಸ್ಟ್ ಗುಡ್‌ಪಾಶ್ಚರ್ ಎಂಬ ವಿಜ್ಞಾನಿ, ವೈರಸ್ ಚರ್ಮದಲ್ಲಲ್ಲ, ನರಗಂಟಿನಲ್ಲಿ ಅಡಗಿರುತ್ತದೆ ಎಂಬ ಊಹೆಯನ್ನು ಮುಂದಿಟ್ಟರು.

ಊಹೆ ಚೆನ್ನಾಗಿತ್ತು, ರುಜುವಾತು ಸಿಗಲಿಲ್ಲ. ನರಗಂಟನ್ನು ಅರೆದು ಪರೀಕ್ಷಿಸಿದರೆ ಅಲ್ಲಿ ವೈರಸ್ಸೇ ಕಾಣುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ವಿಧಾನ ಬದಲಾಯಿತು. ಮೊದಲು ಇಲಿಗಳ ನರಗಂಟನ್ನು, ಆಮೇಲೆ ತೀರಿಕೊಂಡ ಮನುಷ್ಯರ ನರಗಂಟನ್ನು ಅರೆಯದೆ, ಜೀವಂತ ಅಂಗಾಂಶವಾಗಿಯೇ ಪ್ರಯೋಗಾಲಯದಲ್ಲಿ ಪೋಷಿಸಿ ಇಟ್ಟು ಕಾದರು. ದಿನಗಳು, ವಾರಗಳು ಕಳೆದ ಮೇಲೆ ಅದರಿಂದ ವೈರಸ್ ಹೊರಬಂತು. ಅಂದರೆ ಅಲ್ಲಿ ಪೂರ್ಣರೂಪದ ವೈರಸ್ ಕಣ ಇರಲಿಲ್ಲ. ಅದರ ಡಿ.ಎನ್.ಎ. ಮಾತ್ರ ನರಕೋಶದ ಕೇಂದ್ರದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿತ್ತು.

ನಡೆಯುವುದು ಹೀಗೆ. ಮೊದಲ ಸೋಂಕಿನ ಕಾಲದಲ್ಲಿ ವೈರಸ್ ತುಟಿಯ ಚರ್ಮದಲ್ಲಿ ಹೆಚ್ಚುತ್ತದೆ. ಅಲ್ಲಿಗೆ ಬಂದಿರುವ ನರದ ತುದಿಯನ್ನು ಹೊಕ್ಕು, ನರತಂತುವಿನೊಳಗಿನ ಸಾಗಣೆ ವ್ಯವಸ್ಥೆಯನ್ನೇ ಹಿಡಿದು ನರಗಂಟಿಗೆ ಹೋಗುತ್ತದೆ. ನಿಮ್ಮ ರೋಗನಿರೋಧಕ ಶಕ್ತಿ ಚರ್ಮದಲ್ಲಿದ್ದ ವೈರಸ್ಸನ್ನು ನಾಶಮಾಡುತ್ತದೆ, ತುಟಿ ವಾಸಿಯಾಗುತ್ತದೆ. ಆದರೆ ನರಕೋಶದಲ್ಲಿ ಅಡಗಿದ್ದು ಉಳಿದುಬಿಡುತ್ತದೆ. ವೈರಸ್ಸಿಗೆ ಎಂಬತ್ತರಷ್ಟು ಜೀನುಗಳಿವೆ. ಅಡಗಿರುವಾಗ ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ತಬ್ಧ. ಅದು ಯಾವ ಪ್ರೋಟೀನನ್ನೂ ತಯಾರಿಸಿ ಹೊರಗೆ ತೋರಿಸದೆ ಇರುವಾಗ ನಮ್ಮ ಕಾವಲು ಕೋಶಗಳು ಅದನ್ನು ಗುರುತಿಸುವುದು ಹೇಗೆ? ಗುರುತಿಸಿದರೂ, ಸತ್ತರೆ ಮತ್ತೆ ಹುಟ್ಟದ ನರಕೋಶವನ್ನು ಕೊಂದುಹಾಕುವುದು ದೇಹಕ್ಕೆ ಲಾಭದ ವ್ಯವಹಾರವೂ ಅಲ್ಲ.

ದರೋಜಿಯ ಕರಡಿಧಾಮವನ್ನು ನೀವು ನೋಡಿರಬಹುದು. 1994ರಲ್ಲಿ ಆದದ್ದು. ನಡುಹಗಲಿನಲ್ಲಿ ಹೋದರೆ ಬಂಡೆಗಳು, ಕುರುಚಲು ಗಿಡಗಳು ಅಷ್ಟೇ ಕಾಣುತ್ತವೆ, ಇಲ್ಲಿ ಕರಡಿ ಎಲ್ಲಿದೆ ಎಂದು ಕೇಳುವಂತಾಗುತ್ತದೆ. ಕರಡಿಗಳು ಬಂಡೆಗಳ ನಡುವಿನ ಗವಿಗಳಲ್ಲಿರುತ್ತವೆ. ಹೊತ್ತು ಇಳಿದ ಮೇಲೆ ಒಂದೊಂದಾಗಿ ಹೊರಬರುತ್ತವೆ. ಈ ವೈರಸ್ಸಿನ ರೀತಿಯೂ ಅದೇ. ಗವಿ ಎಂದರೆ ನರಗಂಟು, ದಾರಿ ಎಂದರೆ ನರತಂತು. ಇಳಿಯುವ ದಾರಿ ಅದೇ ಆದ್ದರಿಂದ ಗುಳ್ಳೆ ಏಳುವ ಜಾಗವೂ ಬಹುಮಟ್ಟಿಗೆ ಅದೇ. ಗುಳ್ಳೆಗೆ ಮೊದಲು ಆಗುವ ಜುಮುಜುಮು ಎಂದರೆ ವೈರಸ್ ನರದ ದಾರಿಯಲ್ಲಿ ಇಳಿದು ಬಂದಿದೆ ಎಂಬ ಸೂಚನೆ. ಕರಡಿಗೂ ವೈರಸ್ಸಿಗೂ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ, ಕರಡಿ ಪಾಪ, ಹಸಿದು ಬರುತ್ತದೆ!

ಹಾಗಾದರೆ ವೈರಸ್ಸನ್ನು ಎಬ್ಬಿಸುವುದು ಯಾವುದು? ಒಂದು, ಜ್ವರ. ಮಲೇರಿಯಾ, ನ್ಯುಮೋನಿಯಾದಂಥ ಜ್ವರದಲ್ಲಿ ಇದು ಹೆಚ್ಚು. ಜ್ವರ ಏರಿದಾಗ ವೈರಸ್ ಎಚ್ಚರಗೊಳ್ಳುತ್ತದೆ. ಆದರೆ ಅದು ಇಳಿದು ಬಂದು ಗುಳ್ಳೆ ಏಳಲು ಒಂದೆರಡು ದಿನ ಬೇಕು. ಅಷ್ಟು ಹೊತ್ತಿಗೆ ಎಷ್ಟೋ ಜ್ವರಗಳು ತಾವಾಗಿಯೇ ಇಳಿಯುತ್ತಿರುತ್ತವೆ. ಅಜ್ಜಿ ಕಂಡದ್ದು ಇದನ್ನೇ. ಗುಳ್ಳೆಯೂ ಜ್ವರದ ಇಳಿತವೂ ಒಟ್ಟಿಗೆ ಬಂದವು, ನಿಜ. ಆದರೆ ಜ್ವರ ತುಟಿಯ ಮೂಲಕ ಹೊರಗೆ ಹೋಗಲಿಲ್ಲ. ಇಲ್ಲಿ ಒಂದು ಅಪಾಯವಿದೆ, ಗಮನಿಸಿ. ತುಟಿ ಒಡೆಯಿತು, ಇನ್ನು ಭಯವಿಲ್ಲ ಎಂದು ರಕ್ತಪರೀಕ್ಷೆ ಮಾಡಿಸದೆ ಕುಳಿತರೆ, ಬಂದದ್ದು ಮಲೇರಿಯಾವೋ ಡೆಂಗಿಯೋ ಆಗಿದ್ದರೆ ಕಷ್ಟ. ಡೆಂಗಿಯಲ್ಲಂತೂ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಎಚ್ಚರದಿಂದಿರಬೇಕಾದ ಸಮಯ. ಅಜ್ಜಿಯ ಮಾತಿಗೆ ತಲೆದೂಗಿ, ಆದರೂ ಆಸ್ಪತ್ರೆಗೆ ಹೋಗಿ ಬನ್ನಿ.

ಎರಡನೆಯದು ನಿಮ್ಮ ಸೀಮೆಗೆ ಬಹಳ ಹತ್ತಿರದ್ದು, ಬಿಸಿಲು. ಬಳ್ಳಾರಿ, ಹೊಸಪೇಟೆಯ ಬೇಸಿಗೆಯನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಹೊಸದಲ್ಲ. ಚೈತ್ರದಲ್ಲಿ ಹಂಪಿಯ ವಿರೂಪಾಕ್ಷನ ತೇರಿಗೆ ಹೋಗಿ ದಿನವಿಡೀ ತಿರುಗಾಡಿ ಬಂದವರು, ಕಂಪ್ಲಿಯ ಕಬ್ಬು, ಭತ್ತದ ಗದ್ದೆಗಳಲ್ಲಿ ದುಡಿಯುವವರು, ಸಂಡೂರಿನ ಗಣಿಗಳಲ್ಲಿ ಬಯಲಿನಲ್ಲಿ ನಿಂತು ಕೆಲಸ ಮಾಡುವವರು, ಇವರಿಗೆಲ್ಲ ಬಿಸಿಲು ದಿನದ ಸಂಗಾತಿ. ಆದರೆ ಗುಳ್ಳೆಯನ್ನು ಎಬ್ಬಿಸುವುದು ಬಿಸಿಲಿನ ಕಾವಲ್ಲ, ಅದರಲ್ಲಿರುವ ನೇರಳಾತೀತ ಕಿರಣಗಳು. ಅವು ತುಟಿಯ ಚರ್ಮಕ್ಕೆ ಪೆಟ್ಟು ಕೊಡುತ್ತವೆ, ಅಲ್ಲಿನ ಕಾವಲು ಕೋಶಗಳನ್ನು ತಾತ್ಕಾಲಿಕವಾಗಿ ದುರ್ಬಲಗೊಳಿಸುತ್ತವೆ. ಮಜ್ಜಿಗೆ ಕುಡಿದರೆ ಬಾಯಾರಿಕೆ ತಣಿಯುತ್ತದೆ, ಕುಡಿಯಿರಿ. ಆದರೆ ಈ ಕಿರಣಗಳನ್ನು ತಡೆಯಬೇಕಾದದ್ದು ಹೊರಗಿನಿಂದ.

ತಡೆದರೆ ಫಲವಿದೆಯೇ? 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಆಗಾಗ ಜ್ವರಗುಳ್ಳೆ ಬರುತ್ತಿದ್ದ 38 ಮಂದಿಯ ತುಟಿಗೆ ಪ್ರಯೋಗಾಲಯದಲ್ಲಿ ನೇರಳಾತೀತ ಕಿರಣ ಬೀಳಿಸಿದರು. ಬರಿಯ ತೋರಿಕೆಯ ಲೇಪ ಹಚ್ಚಿದ್ದಾಗ 27 ಮಂದಿಗೆ ಗುಳ್ಳೆ ಎದ್ದಿತು. ಬಿಸಿಲು ತಡೆಯುವ ಲೇಪ, ಅಂದರೆ ಸನ್‌ಸ್ಕ್ರೀನ್ ಹಚ್ಚಿದ್ದಾಗ ಒಬ್ಬರಿಗೂ ಏಳಲಿಲ್ಲ. ಇಷ್ಟು ಸ್ಪಷ್ಟವಾದ ಉತ್ತರ ವೈದ್ಯಕೀಯದಲ್ಲಿ ಅಪರೂಪ. ಬಯಲಿನ ಬಿಸಿಲಿನಲ್ಲಿ ಫಲ ಇಷ್ಟೇ ನಿಚ್ಚಳವಾಗಿರಲಾರದು, ಆದರೂ ಪಾಠ ಉಪಯುಕ್ತ. ಬಿಸಿಲಿಗೆ ಪ್ರತಿ ಸಲ ಗುಳ್ಳೆ ಏಳುವವರು ಎಸ್.ಪಿ.ಎಫ್. 30 ಇರುವ ತುಟಿಯ ಮುಲಾಮನ್ನು ಹಚ್ಚಿಕೊಂಡು ಹೊರಡಬಹುದು. ದುಡ್ಡು ಖರ್ಚು ಮಾಡಲಾಗದಿದ್ದರೆ ಛತ್ರಿ ಇದೆ, ಅಗಲ ಅಂಚಿನ ಟೋಪಿ ಇದೆ, ಮೂಗು ಬಾಯಿಗೆ ಅಡ್ಡವಾಗಿ ಸುತ್ತಿದ ಟವೆಲ್ ಅಥವಾ ದುಪ್ಪಟ್ಟಾ ಇದೆ. ಗದ್ದೆಗೆ ಹೋಗುವ ಹೆಣ್ಣುಮಕ್ಕಳು ತಲೆಗೆ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುವುದನ್ನು ನೋಡಿ ನಕ್ಕಿದ್ದರೆ, ಅವರಿಂದ ಕಲಿಯಿರಿ.

ಮಿಕ್ಕ ಕಾರಣಗಳು ನಿಮಗೆ ಗೊತ್ತಿರುವಂಥವೇ: ನಿದ್ದೆಗೇಡು, ಮನಸ್ಸಿನ ಒತ್ತಡ, ಕೆಲವರಿಗೆ ಮುಟ್ಟಿನ ದಿನಗಳು, ಹಲ್ಲು ಕೀಳಿಸಿದಾಗ ತುಟಿಗೆ ಆಗುವ ಎಳೆತ. ಮಾರ್ಚ್ ತಿಂಗಳಲ್ಲಿ ಪರೀಕ್ಷೆಯೂ ಬಿಸಿಲೂ ಕೂಡಿಕೊಂಡು ಬರುತ್ತವೆ ಎಂಬುದು ಈಗ ಹೊಳೆಯಿತಲ್ಲವೇ?

ಇದರ ದಾಯಾದಿಯೊಬ್ಬನನ್ನು ನಮ್ಮ ಜನ ಚೆನ್ನಾಗಿ ಬಲ್ಲರು, ಸರ್ಪಸುತ್ತು. ಮಕ್ಕಳಿಗೆ ಬರುವ, ಊರಿನಲ್ಲಿ ಅಮ್ಮ ಎಂದು ಕರೆಯುವ ಚಿಕನ್‌ಪಾಕ್ಸಿನ ವೈರಸ್ ಇದೇ ಕುಟುಂಬದ್ದು. ಅದೂ ನರಗಂಟುಗಳಲ್ಲಿ ಅಡಗಿದ್ದು, ಎಷ್ಟೋ ವರ್ಷಗಳ ನಂತರ ಒಂದು ನರದ ಜಾಡಿನಲ್ಲಿ ಹೊರಬಂದು ಎದೆಯ, ಬೆನ್ನಿನ ಒಂದು ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆ ಎಬ್ಬಿಸುತ್ತದೆ. ಸರ್ಪದ ತಲೆಯೂ ಬಾಲವೂ ಕೂಡಿದರೆ ಪ್ರಾಣಕ್ಕೆ ಅಪಾಯ ಎಂಬ ಮಾತನ್ನು ಕೇಳಿರುತ್ತೀರಿ. ಆದರೆ ನರ ಮೈಯ ನಡುಗೆರೆಯವರೆಗೆ ಬಂದು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದಲೇ ಸರ್ಪ ಸಾಮಾನ್ಯವಾಗಿ ಅರ್ಧ ಸುತ್ತಿಗೇ ನಿಲ್ಲುತ್ತದೆ. ಸರ್ಪಸುತ್ತಿಗೂ ಮೊದಲ ಮೂರು ದಿನಗಳಲ್ಲೇ ವೈದ್ಯರನ್ನು ಕಂಡರೆ ಔಷಧದ ಪ್ರಯೋಜನ ಹೆಚ್ಚು.

ಔಷಧದ ಕಥೆಯೂ ಸೊಗಸಾಗಿದೆ. ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಎಸಿಕ್ಲೊವಿರ್ ಎಂಬ ಔಷಧವನ್ನು ಬೆಳಕಿಗೆ ತಂದರು. 1988ರ ನೊಬೆಲ್ ಪ್ರಶಸ್ತಿಯಲ್ಲಿ ಎಲಿಯನ್ ಪಾಲುದಾರರಾದರು. ಡಿ.ಎನ್.ಎ. ಕಟ್ಟಲು ಬೇಕಾದ ಇಟ್ಟಿಗೆಯಂತೆಯೇ ಕಾಣುವ ಆದರೆ ಮುಂದಿನ ಇಟ್ಟಿಗೆ ಕೂಡದಂಥ ಸುಳ್ಳು ಇಟ್ಟಿಗೆ ಇದು. ವೈರಸ್ ಹೊಕ್ಕ ಕೋಶದಲ್ಲಿ, ವೈರಸ್ಸಿನದೇ ಕಿಣ್ವ ಈ ಇಟ್ಟಿಗೆಯನ್ನು ಚುರುಕುಗೊಳಿಸುತ್ತದೆ. ವೈರಸ್ ಅದನ್ನು ಇಟ್ಟು ಗೋಡೆ ಕಟ್ಟಹೊರಟರೆ ಗೋಡೆ ಅಲ್ಲಿಗೇ ನಿಲ್ಲುತ್ತದೆ. ಆರೋಗ್ಯವಾಗಿರುವ ಕೋಶಗಳಿಗೆ ಹೆಚ್ಚಿನ ಬಾಧೆಯಿಲ್ಲ. ಆದರೆ ಅಡಗಿ ಕುಳಿತ ವೈರಸ್ ಗೋಡೆಯನ್ನೇ ಕಟ್ಟುತ್ತಿಲ್ಲವಲ್ಲ! ಅಲ್ಲಿ ಈ ಔಷಧಕ್ಕೆ ಕೆಲಸವಿಲ್ಲ. ಪೂರ್ತಿ ವಾಸಿಮಾಡುತ್ತೇವೆ, ಇನ್ನೆಂದೂ ಬರುವುದಿಲ್ಲ ಎಂದು ಯಾರಾದರೂ ಹಣ ಕೇಳಿದರೆ ಅದನ್ನು ನಂಬಬೇಡಿ. 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಜೀನ್ ಕತ್ತರಿಸುವ ತಂತ್ರದಿಂದ ಇಲಿಗಳ ನರಗಂಟಿನಲ್ಲಿದ್ದ ವೈರಸ್ಸನ್ನು ಶೇಕಡ 90ಕ್ಕೂ ಹೆಚ್ಚು ತೆಗೆದುಹಾಕಿದ್ದಾರೆ. ಮನುಷ್ಯರಿಗೆ ಅಂಥ ಚಿಕಿತ್ಸೆಯೂ ಇಲ್ಲ, ಲಸಿಕೆಯೂ ಇಲ್ಲ.

ಎಸಿಕ್ಲೊವಿರ್ ಮುಲಾಮನ್ನು ಜುಮುಜುಮು ಆರಂಭವಾದ ಕೂಡಲೇ ಹಚ್ಚಿದರೆ ಅರ್ಧ ದಿನವೋ ಒಂದು ದಿನವೋ ಬೇಗ ವಾಸಿಯಾದೀತು. ಹಕ್ಕಳೆ ಕಟ್ಟಿದ ಮೇಲೆ ಹಚ್ಚಿದರೆ ಅದೂ ಇಲ್ಲ. ವರ್ಷಕ್ಕೆ ಐದಾರು ಸಲ ಬರುವವರು, ಗುಳ್ಳೆ ಎರಡು ವಾರವಾದರೂ ಮಾಯದವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು. ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತದೆ. ಟೂತ್‌ಪೇಸ್ಟೂ ಬೇಡ. ಅಂಗಡಿಯಲ್ಲಿ ಎಲ್ಲ ಚರ್ಮರೋಗಕ್ಕೂ ಒಂದೇ ಎಂದು ಕೊಡುವ ಸ್ಟೆರಾಯ್ಡ್ ಬೆರೆತ ಟ್ಯೂಬುಗಳನ್ನು ಕೇಳದೇ ಹಚ್ಚಬೇಡಿ. ಹಕ್ಕಳೆ ಬಿರಿಯದಂತೆ ಸ್ವಲ್ಪ ವ್ಯಾಸಲೀನ್ ಸಾಕು.

ಇಷ್ಟು ಸಾಧಾರಣವಾದ ರೋಗಕ್ಕೆ ಇಷ್ಟು ಮಾತೇಕೆ ಎಂದು ನೀವು ಕೇಳಬಹುದು. ಎರಡು ಕಡೆ ಇದು ಸಾಧಾರಣವಲ್ಲ. ಮೊದಲನೆಯದು ಕಣ್ಣು. ಗುಳ್ಳೆ ಮುಟ್ಟಿದ ಬೆರಳಿನಿಂದ ಕಣ್ಣುಜ್ಜಿಕೊಳ್ಳಬೇಡಿ. ನರದ ಒಂದು ಕವಲು ಕಣ್ಣಿಗೂ ಹೋಗುವುದರಿಂದ ವೈರಸ್ ಆ ದಾರಿಯಲ್ಲಿಯೂ ಬರಬಹುದು. ಒಂದೇ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದೆ, ದೃಷ್ಟಿ ಮಂಜಾದರೆ ಅದನ್ನು ಮದ್ರಾಸ್ ಐ ಎಂದುಕೊಂಡು ಯಾರೋ ಉಳಿಸಿದ್ದ ಹನಿ ಹಾಕಿಕೊಳ್ಳಬೇಡಿ. ಆ ಹನಿಯಲ್ಲಿ ಸ್ಟೆರಾಯ್ಡ್ ಇದ್ದರೆ ಕಣ್ಣಿನ ಪಾರದರ್ಶಕ ಪೊರೆಯ ಮೇಲಿನ ಹುಣ್ಣು ಹೆಚ್ಚಾಗಿ ದೃಷ್ಟಿಗೇ ಕುತ್ತು ಬರುತ್ತದೆ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.

ಎರಡನೆಯದು ಎಳೆಗೂಸು. ಹುಟ್ಟಿ ನಾಲ್ಕಾರು ವಾರದೊಳಗಿನ ಶಿಶುವಿಗೆ ಈ ವೈರಸ್ ತಗುಲಿದರೆ ಮೆದುಳು, ಯಕೃತ್ತುಗಳಿಗೆ ಹರಡಿ ಪ್ರಾಣ ಹೋಗಬಹುದು. ಅಪರೂಪ, ಆದರೆ ಆದಾಗ ಭೀಕರ. ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಿಮ್ಮ ತುಟಿಯಲ್ಲಿ ಗುಳ್ಳೆ ಇದ್ದರೆ ಮಗುವಿಗೆ ಮುದ್ದಿಡಬೇಡಿ. ಅತ್ತೆಯೋ ಚಿಕ್ಕಮ್ಮನೋ ಹಕ್ಕಳೆ ಕಟ್ಟಿದ ತುಟಿಯಿಂದ ಮುದ್ದಿಡಲು ಬಗ್ಗಿದರೆ, ಅವರ ಮನಸ್ಸಿಗೆ ನೋವಾದರೂ ಸರಿ, "ಈಗ ಬೇಡ ಅತ್ತೆ, ತುಟಿ ವಾಸಿಯಾಗಲಿ" ಎಂದು ಮೆಲ್ಲಗೆ ತಡೆಯಿರಿ. ಬಾಣಂತಿಗೇ ಗುಳ್ಳೆ ಎದ್ದಿದ್ದರೆ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಎದೆಯ ಮೇಲೆ ಹುಣ್ಣಿರಬಾರದು ಅಷ್ಟೇ. ಸೋಪಿನಿಂದ ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಗುವನ್ನು ಎತ್ತಿಕೊಂಡರೆ ಸಾಕು. ವೈದ್ಯರಿಗೂ ತಿಳಿಸಬೇಕು.

ನಮ್ಮಲ್ಲಿ ಚೊಂಬನ್ನು ತುಟಿಗೆ ಕಚ್ಚದೆ ಎತ್ತಿ ಕುಡಿಯುವ ರೂಢಿಯಿದೆ. ಎಂಜಲು ಎಂಬ ಮಾತಿನ ಹೆಸರಿನಲ್ಲಿ ಮನುಷ್ಯರನ್ನು ದೂರ ಇಟ್ಟದ್ದು ಅನ್ಯಾಯ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎತ್ತಿ ಕುಡಿಯುವ ಈ ರೂಢಿ ಗುಳ್ಳೆ ಇರುವ ದಿನಗಳಲ್ಲಿ ಒಳ್ಳೆಯದೇ. ರಸ ಸೋರುವಾಗ ವೈರಸ್ ಅತಿ ಹೆಚ್ಚು ಇರುತ್ತದೆ. ಹಕ್ಕಳೆ ಉದುರುವವರೆಗೆ ನೀರಿನ ಬಾಟಲಿ, ಲೋಟ, ಟವೆಲ್, ತುಟಿಯ ಮುಲಾಮು ನಿಮ್ಮದು ನಿಮಗೇ ಇರಲಿ. ಪಕ್ಕದಲ್ಲಿ ಕುಳಿತರೆ, ಪುಸ್ತಕ ಕೊಟ್ಟರೆ, ಒಟ್ಟಿಗೆ ಓದಿದರೆ ಇದು ಅಂಟುವುದಿಲ್ಲ. ಆದ್ದರಿಂದ ಗುಳ್ಳೆ ಎದ್ದಿದೆ ಎಂದು ಯಾರನ್ನೂ ತರಗತಿಯಿಂದ ಮನೆಗೆ ಕಳಿಸುವ ಅಗತ್ಯವಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿಯೇ ತುಟಿ ಜುಮುಜುಮು ಎಂದರೆ? ಮುಲಾಮು ಇದ್ದರೆ ಹಚ್ಚಿ, ಕೈ ತೊಳೆದುಕೊಂಡು, ಹತ್ತು ಗಂಟೆಗೆ ಪುಸ್ತಕ ಮುಚ್ಚಿ ಮಲಗಿ. ಬೆಳಿಗ್ಗೆ ಛತ್ರಿಯನ್ನೋ ಟವೆಲನ್ನೋ ಹಿಡಿದು ಬಸ್ಸಿಗೆ ಹೊರಡಿ. ಪರೀಕ್ಷೆಯ ಕೊಠಡಿಯಲ್ಲಿ ಪೆನ್ನಿನ ತುದಿಯನ್ನು ಕಚ್ಚುವ ಅಭ್ಯಾಸವಿದ್ದರೆ ಆ ದಿನವಾದರೂ ಬಿಡಿ, ಪಕ್ಕದವರು ಪೆನ್ನು ಕೇಳಿದರೆ ಕಚ್ಚದ ಇನ್ನೊಂದನ್ನು ಕೊಡಿ.